ಮಹಡಿ ಮನೆ ಖಾಲಿ ಇದೆ

ಬೀದಿಯವರೆಲ್ಲ ಅವರನ್ನು ಬೋರ್ಡ್ ಮಾವ ಅನ್ನುತ್ತಾರೆ. ಮಹಡಿ ಮನೆ ಖಾಲಿಯಾದಾಗಿನಿಂದ ಅವರ ಕಾಲು ಒಂದು ಕಡೆ ನಿಂತಿಲ್ಲ. ಗೇಟಿಗೆ ಕಟ್ಟಿದ 'ಮನೆ ಬಾಡಿಗೆಗಿದೆ' ಬೋರ್ಡು ಬೆಳಿಗ್ಗೆ ಬಲಕ್ಕಿದ್ದರೆ ಸಂಜೆ ಎಡಕ್ಕಿರುತ್ತದೆ. ಮಹಡಿಯ ಕಿಟಕಿಗೆ ಬಿಸಿಲು ಬಂತೆಂದರೆ ಕೈಯಲ್ಲಿದ್ದ ಕಾಫಿ ಬಿಟ್ಟು ಫೋಟೊ ತೆಗೆಯಲು ಓಡುತ್ತಾರೆ. ಬಚ್ಚಲಿನ ನಲ್ಲಿಯನ್ನೂ ಮದುವೆ ಹೆಣ್ಣಿನಂತೆ ಮೂರು ಕಡೆಯಿಂದ ಹಿಡಿದು ಊರಿಗೆಲ್ಲ ಕಳಿಸುತ್ತಾರೆ. ಫೋಟೊದ ಕೆಳಗೆ 'ವಿಶಾಲವಾದ' ಎಂದು ಬರೆದು, ಯಾರಾದರೂ ಅಳೆದುಬಿಟ್ಟರೆ ಎಂದು ಹೆದರಿ, 'ಬೇಕಾದಷ್ಟು' ಎಂದು ತಿದ್ದುತ್ತಾರೆ. "ಮನೆಗೆ ಇಷ್ಟು ಅಲಂಕಾರ ಮಾಡ್ತೀರಿ, ಬಂದವರನ್ನೆಲ್ಲ ಓಡಿಸ್ತೀರಿ," ಅನ್ನುವುದು ಹೆಂಡತಿಯ ದೂರು. ಅದು ಸುಳ್ಳಲ್ಲ. ನೋಡಲು ಬಂದವರು ಮಾಲೀಕರನ್ನು ಒಲಿಸಿಕೊಳ್ಳಲು ಒಂದೇ ಮಾತಾಡುತ್ತಾರೆ: "ನಾವು ಇದ್ದೀವೋ ಇಲ್ವೋ ನಿಮಗೆ ಗೊತ್ತೇ ಆಗಲ್ಲ ಸಾರ್." ಅಲ್ಲಿಗೆ ಮಾವನ ಮುಖ ಸಪ್ಪಗಾಗುತ್ತದೆ, "ಇನ್ನೊಬ್ಬರು ಕೇಳಿದಾರೆ, ನೋಡೋಣ," ಎಂದು ಬೀಗ ಹಾಕಿಬಿಡುತ್ತಾರೆ. ಮೊದಲು ಮಹಡಿಯಲ್ಲಿದ್ದವಳು ಮಾವನ ತಾಯಿ. ಏನು ಬೇಕಾದರೂ ಊರುಗೋಲಿನಿಂದ ನೆಲ ಕುಟ್ಟಿ ಮಗನನ್ನು ಕರೆಯುತ್ತಿದ್ದಳು. "ಬಂದೆ ತಡಿಯಮ್ಮ, ಪ್ರಾಣ ತಿನ್ಬೇಡ," ಎಂದು ಗೊಣಗುತ್ತ ಇವರು ಮೆಟ್ಟಿಲು ಹತ್ತುತ್ತಿದ್ದರು. ತಾಯಿ ತೀರಿಕೊಂಡ ಮೇಲೆ ಚಾವಣಿ ಸುಮ್ಮನಿದೆ. ಮಾವ ಮಾತ್ರ ಊಟದ ನಡುವೆಯೂ ತಲೆಯೆತ್ತಿ ಕಿವಿಗೊಡುತ್ತಾರೆ. ಮೊನ್ನೆ ಮನೆ ನೋಡಲು ಬಂದ ಹೆಂಗಸೊಬ್ಬಳು ಅಳುಕುತ್ತಲೇ, "ನಮ್ಮ ಮಗ ಮನೆಯೊಳಗೇ ಚೆಂಡು ಕುಟ್ತಾನೆ, ಎಷ್ಟು ಹೇಳಿದ್ರೂ ಕೇಳಲ್ಲ," ಅಂದಳು. "ಹೇಳೋದ್ಯಾಕೆ," ಅಂದರು ಮಾವ, ಬೋರ್ಡು ಬಿಚ್ಚಲು ಗೇಟಿನ ಕಡೆ ನಡೆಯುತ್ತ.