ಚನ್ನಕೇಶವನ ಎಡೆ

ಪಿತೃಪಕ್ಷ ಹತ್ತಿರವಾದಾಗ ಮಲ್ಲಂದೂರಿನ ದ್ಯಾವಮ್ಮನಿಗೆ ಒಂದು ಸುದ್ದಿ ಬಂತು. ಬಾಳೂರಿನಲ್ಲಿದ್ದ ಅವಳ ಗಂಡನ ಮನೆಯವರು ತೋಟ ಮಾರಿ ಹಾಸನ ಸೇರಿದ್ದಾರೆ, ಅಲ್ಲಿ ಹಿರಿಯರಿಗೆ ಎಡೆ ಇಡುವುದನ್ನೂ ಬಿಟ್ಟಿದ್ದಾರೆ. ಸುದ್ದಿ ತಂದವರು ಮಳೆ ಬಿಟ್ಟಿತು ಎನ್ನುವಷ್ಟೇ ಹಗುರವಾಗಿ ಹೇಳಿ, ಕಾಫಿ ಕುಡಿದು ಹೋದರು. ದ್ಯಾವಮ್ಮ ಆ ದಿನ ಬಡಿಸಿಕೊಂಡ ಅನ್ನವನ್ನು ಹಾಗೇ ಮುಚ್ಚಿಟ್ಟಳು. ಹಾಗಾದರೆ ಈ ವರ್ಷ ಅವರು ಎಲ್ಲಿ ಉಣ್ಣುತ್ತಾರೆ?

ಅವರು ಎಂದರೆ ಅವಳ ಗಂಡ ಚನ್ನಕೇಶವ. ಎಪ್ಪತ್ತೊಂದರ ಯುದ್ಧದಲ್ಲಿ ಪಶ್ಚಿಮದ ಗಡಿಯಲ್ಲೆಲ್ಲೋ ಸತ್ತ ಸಿಪಾಯಿ. ಮದುವೆಗೆಂದು ಅವನಿಗೆ ಸಿಕ್ಕ ರಜೆ ಎಷ್ಟೋ ಅವಳ ಸಂಸಾರವೂ ಅಷ್ಟೇ. ದೇಹ ಬರಲಿಲ್ಲ, ಒಂದು ಟ್ರಂಕು ಬಂತು. ಅತ್ತೆ ಟ್ರಂಕನ್ನು ಒಳಗಿಟ್ಟುಕೊಂಡು, ಎಲ್ಲ ನಿನ್ನ ಕಾಲ್ಗುಣ ಎಂದು ಸೊಸೆಯನ್ನು ತವರಿಗೆ ಸಾಗಹಾಕಿದಳು. ಅಂದಿನಿಂದ ದ್ಯಾವಮ್ಮ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಬೇಯಿಸಿ ಒಬ್ಬಳೇ ಉಂಡವಳು. ತವರಿನಲ್ಲಿ ಕೂತು ಗಂಡನ ಮನೆಯವರಿಗೆ ಎಡೆ ಇಡುವ ಹಕ್ಕು ಅವಳಿಗಿರಲಿಲ್ಲ. ಈಗ ಇಡುವವರೇ ಇಲ್ಲ ಎಂದಮೇಲೆ ಹಕ್ಕಿನ ಮಾತೆಲ್ಲಿ ಬಂತು? ತಾನೇ ಇಡುತ್ತೇನೆಂದು ಗಟ್ಟಿ ಮನಸ್ಸು ಮಾಡಿದಳು.

ಆಮೇಲೆ ದಿಗಿಲಾಯಿತು. ಎಡೆಗೆ ಸತ್ತವರ ಇಷ್ಟದ್ದನ್ನೇ ಬಡಿಸಬೇಕು: ಕೋಳಿ ತಿನ್ನುತ್ತಿದ್ದವರಿಗೆ ಕೋಳಿ, ಬೀಡಿ ಸೇದುತ್ತಿದ್ದವರಿಗೆ ಬೀಡಿ. ಬಡಿಸಿದ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು, ಬದುಕಿರುವವರ ಕಣ್ಣೆದುರು ಹಿರಿಯರು ಉಣ್ಣಲು ಬರುವುದಿಲ್ಲ. ಇಷ್ಟೆಲ್ಲ ಅವಳಿಗೆ ಗೊತ್ತು. ಗಂಡನಿಗೆ ಏನು ಇಷ್ಟ ಎನ್ನುವುದೊಂದು ಗೊತ್ತಿಲ್ಲ! ಅವನಿಗೆ ಅವಳು ಅಡುಗೆ ಮಾಡಿ ಹಾಕಿದ್ದು ಒಂದೇ ಸಲ, ಅತ್ತೆ ಕಳಸಕ್ಕೆ ಹೋಗಿದ್ದಾಗ. ಮಾಡಿದ ಕಡುಬು ಕಲ್ಲಾಗಿತ್ತು. ಅವನು ಮಾತಾಡದೆ ತಿಂದ. ಬೈಯುತ್ತಾನೇನೋ ಎಂಬ ಹೆದರಿಕೆಯಲ್ಲಿ ಅವಳು ಪಕ್ಕದಲ್ಲೇ ಕೂತಿದ್ದಳು. ಆ ಕಡುಬು ನೆನಪಾದರೆ ಅವಳಿಗೆ ಇವತ್ತಿಗೂ ನಾಚಿಕೆ.

ಅವನನ್ನು ಬಲ್ಲವರು ಯಾರಾದರೂ ಉಳಿದಿದ್ದರೆ ಕೇಳೋಣವೆಂದು ಬಸ್ಸು ಹತ್ತಿ ಬಾಳೂರಿಗೆ ಹೋದಳು. ಅಲ್ಲೊಂದು ತಂಗುದಾಣಕ್ಕೆ ಗಂಡನ ಹೆಸರಿಟ್ಟಿದ್ದಾರೆಂದು ಎಂದೋ ಕೇಳಿದ್ದಳು. ಇಟ್ಟಿದ್ದರು, ನಿಜ. 'ವೀರಯೋಧ' ಎನ್ನುವವರೆಗೆ ಓದಬಹುದಿತ್ತು. ಮುಂದಿನದರ ಮೇಲೆ ಹೋಂಸ್ಟೇಯವರು ತಮ್ಮ ಬೋರ್ಡು ಜಡಿದಿದ್ದರು. ಹೋಗಿಬರುವ ಜೀಪುಗಳಿಗೆ ಅದು ಅನುಕೂಲವೇ ಇರಬೇಕು. ಗಂಡನ ಹೆಸರಿನ ಕೆಳಗೆ ಕೂರಲು ಬಂದವಳು ಮಸಾಜು, ಕ್ಯಾಂಪ್‌ಫೈರುಗಳ ಕೆಳಗೆ ಕೂತು ಸುಧಾರಿಸಿಕೊಂಡಳು. ಸಿಟ್ಟು ಬಂತು, ಯಾರ ಮೇಲೆ ತೀರಿಸಿಕೊಳ್ಳುವುದೆಂದು ತಿಳಿಯಲಿಲ್ಲ.

ಚನ್ನಕೇಶವನನ್ನು ಕಂಡವರೆಂದು ಊರಲ್ಲಿ ಉಳಿದಿದ್ದವನು ತಿಮ್ಮಪ್ಪ ಒಬ್ಬನೇ. ಮಳೆಗಾಲಕ್ಕೆ ಮುಂಚೆ ನೆರಳುಮರ ಹತ್ತಿ ಕೊಂಬೆ ಕಡಿಯುವ ಮರಗಸಿ ಕೆಲಸದಲ್ಲಿ ಇಬ್ಬರೂ ಜೋಡಿ.

"ಕೇಶವನ ಮನೆಯವ್ರಾ? ಅಯ್ಯೋ, ಬನ್ನಿ ದ್ಯಾವಮ್ಮ, ಕೂತ್ಕಳಿ," ಎಂದು ಮುದುಕ ಜಗಲಿಯಲ್ಲಿ ಜಾಗ ಮಾಡಿದ. "ತೋಟದ ಮನೆ ಮಗ ಅಂತ ಹೆಸರಿಗೆ ಅಷ್ಟೆ. ಅಪ್ಪ ಸತ್ತ ಮೇಲೆ ಅವನ ಅಣ್ಣ ಅವನ್ನ ಆಳಿನ ಜೊತೆ ಆಳು ಮಾಡಿಬಿಟ್ಟ. ಚಿಕ್ಕಮಗಳೂರಲ್ಲಿ ಮಿಲಿಟ್ರಿಗೆ ಸೇರಿಸ್ಕಳ್ತಾರೆ ಅಂತ ಗೊತ್ತಾಗಿದ್ದೇ, ಹೊಟ್ಟೆ ತುಂಬ ಹಾಕ್ತಾರಂತೆ ಮಾರಾಯ ಅಂದ, ಹೋದ. ದೇಶ ಗೀಶ ಎಲ್ಲ ಆಮೇಲೆ ಭಾಷಣದವ್ರು ಸೇರಿಸಿದ್ದು."

"ಅವ್ರಿಗೆ ತಿನ್ನಕ್ಕೆ ಏನು ಇಷ್ಟ ಇತ್ತು, ತಿಮ್ಮಪ್ಪಣ್ಣ?"

"ಇಂಥದ್ದೇ ಅಂತ ಇರ್ಲಿಲ್ಲ. ಹಾಕಿದ್ದು ತಿನ್ನೋನು."

ಇಷ್ಟು ದೂರ ಬಂದದ್ದು ದಂಡವಾಯಿತೆಂದು ದ್ಯಾವಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ಮೆಟ್ಟಿಲಿಳಿಯುವಾಗ ಅವನೇ ಕರೆದ.

"ನಿಲ್ಲಿ. ಕೊನೇ ಸಲ ಬಸ್ ಹತ್ಸಕ್ಕೆ ನಾನೇ ಹೋಗಿದ್ದೆ. ಆಗ ಒಂದು ಮಾತು ಹೇಳಿದ್ದ. 'ಮನೇಲಿ ಎಲ್ರದ್ದೂ ಆದ್ಮೇಲೆ ಮೂಲೇಲಿ ಕೂತು ಉಂಡೆ. ಮಿಲಿಟ್ರೀಲಿ ತಟ್ಟೆ ಹಿಡ್ಕಂಡು ಲೈನಲ್ಲಿ ನಿಂತೆ. ಇವಳೊಬ್ಳು ನಾನು ಉಂಡು ಮುಗ್ಸೋ ತನಕ ಪಕ್ಕದಲ್ಲೇ ಕೂತಿದ್ಲು ಮಾರಾಯ. ಕಡುಬು ಕಲ್ಲಾಗಿತ್ತು. ಮುಗಿದ್ರೆ ಎದ್ದು ಹೋಗ್ತಾಳಲ್ಲ ಅಂತ ಇನ್ನೊಂದು ಹಾಕಿಸ್ಕಂಡೆ' ಅಂದ."

ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅವಳು ಅತ್ತಳು. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ, ಯಾರೂ ಏನೂ ಕೇಳಲಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ದ್ಯಾವಮ್ಮ ತನ್ನ ಕೋಣೆಯಲ್ಲಿ ಬಾಳೆಲೆ ಹಾಸಿ ಕಡುಬು, ಕೋಳಿ ಸಾರು ಬಡಿಸಿದಳು. ಮುಂದಿನ ಮನೆಯ ಎಡೆ ಮುಗಿಸಿದ ತಮ್ಮನ ಮಗ ರವಿ ಬಂದು ಅಂಗಳದಲ್ಲಿ ನಿಂತ.

"ಅತ್ತೆ, ಹೊರಗೆ ಬನ್ನಿ. ಬಾಗ್ಲು ಮುಚ್ಚಬೇಕು."

"ಮುಚ್ತೀನಿ," ಎಂದಳು, ಒಳಗೇ ನಿಂತು.

"ನೀವು ಅಲ್ಲೇ ಇದ್ರೆ ಮಾಮ ಬರಲ್ಲ ಅತ್ತೆ."

ಶಾಸ್ತ್ರ ಅವಳಿಗೇನು ಗೊತ್ತಿಲ್ಲದ್ದೇ? ಇಷ್ಟು ವರ್ಷದ ಮೇಲೆ ತನ್ನ ಮನೆಗೆ ಕರೆದು, ತಾನೇ ಬಾಗಿಲಿಂದ ಹಿಂದಕ್ಕೆ ಕಳಿಸಿದಂತಾದರೆ? ಹೊಸ್ತಿಲವರೆಗೆ ಬಂದಳು. ಎಲೆಯತ್ತ ತಿರುಗಿ ನೋಡಿದಳು. ಅದರ ಮುಂದೆ ಯಾರೂ ಇರಲಿಲ್ಲ, ಪಕ್ಕದಲ್ಲೂ ಯಾರೂ ಇರಲಿಲ್ಲ.

ಬಾಗಿಲನ್ನು ಒಳಗಿನಿಂದ ಹಾಕಿ ಚಿಲಕ ಸರಿಸಿದಳು. ಎಲೆಯ ಪಕ್ಕದಲ್ಲಿ, ಅಂದು ಕೂತ ಹಾಗೆಯೇ, ಮೊಣಕಾಲು ಮಡಚಿ ಕೂತಳು.

"ನಿಧಾನಕ್ಕೆ ಉಣ್ಣಿ," ಎಂದಳು. "ನಾನು ಎದ್ದು ಹೋಗಲ್ಲ."