ಕುಸುರೆಳ್ಳಿಗೆ ಮುಳ್ಳು ಬರುವ ಹೊತ್ತು

ಸ್ವೀಟನ್ ಎಂಬ ಇಂಗ್ಲಿಷ್ ಕ್ರಿಯಾಪದವನ್ನು ನಾನು ಆಳಂದದ ಒಂದು ಶಾಲೆಯಲ್ಲಿ ಬಹಳ ವರ್ಷ ಕಲಿಸಿದೆ. ‘ಸಿಹಿ ಮಾಡು’ ಎಂದು ಕರಿಹಲಗೆಯ ಮೇಲೆ ಬರೆದು, ಸಕ್ಕರೆ ಚಹವನ್ನು ಸಿಹಿ ಮಾಡುತ್ತದೆ ಎಂಬ ಉದಾಹರಣೆ ಕೊಟ್ಟು, ಮುಂದಿನ ಪದಕ್ಕೆ ಹೋಗುತ್ತಿದ್ದೆ. ಒಂದು ನಿಮಿಷದ ಕೆಲಸ. ಅದಕ್ಕೆ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆಂದು ತಿಳಿದದ್ದು ಶಾಲೆಯಲ್ಲಲ್ಲ, ನಮ್ಮ ಮನೆಯ ಪಡಸಾಲೆಯಲ್ಲಿ. ಅದೂ ಒಂದು ಕೆಟ್ಟ ಕೆಲಸ ಮಾಡಿದ ಮೇಲೆ.

ನನ್ನ ಹತ್ತಿರ ಬೆನ್ನು ಕಿತ್ತುಹೋದ ಒಂದು ನಿಘಂಟಿತ್ತು. ಅದರ ಪ್ರಕಾರ ಈ ಪದ ಚಹಕ್ಕಷ್ಟೇ ಸೇರಿದ್ದಲ್ಲ. ಮನುಷ್ಯರ ಸಿಡುಕನ್ನು, ಬಾಯಿಯ ವಾಸನೆಯನ್ನು, ಕುದುರದ ವ್ಯವಹಾರವನ್ನು, ಎಲ್ಲವನ್ನೂ ಅದರಿಂದಲೇ ಸಿಹಿ ಮಾಡಬಹುದು. ನಾವಾದರೆ ಸಿಟ್ಟಾದವರನ್ನು ರಮಿಸುತ್ತೇವೆ, ಬಾಯಿಗೆ ಲವಂಗ ಹಾಕಿಕೊಳ್ಳುತ್ತೇವೆ, ಒಪ್ಪದ ಬೀಗರಿಗೆ ಇನ್ನೊಂದು ಹೋಳಿಗೆ ಬಡಿಸುತ್ತೇವೆ. ಇಷ್ಟನ್ನೂ ಒಂದೇ ಪದದಲ್ಲಿ ಮುಗಿಸುವ ಇಂಗ್ಲಿಷರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಆದರೆ ಹೊಟ್ಟೆಕಿಚ್ಚಿಗಾಗಿ ನಾನು ಅಷ್ಟು ದೂರ ಹೋಗಬೇಕಿರಲಿಲ್ಲ. ಅದು ನಮ್ಮ ಅಡುಗೆಮನೆಯಲ್ಲೇ ಇತ್ತು. ಹೆಸರು ನೀಲಕ್ಕ.

ನೀಲಕ್ಕ ನನ್ನ ಗಂಡನ ಅಣ್ಣನ ಹೆಂಡತಿ, ಕರಜಗಿಯವಳು. ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಅವಳು ಮಾಡಿದ ಕುಸುರೆಳ್ಳನ್ನು ಮಾತ್ರ ಓಣಿಯ ಹೆಂಗಸರು ಅಂಗೈಯಲ್ಲಿಟ್ಟುಕೊಂಡು ತಿನ್ನಲು ಮನಸ್ಸಾಗದೆ ನೋಡುತ್ತಿದ್ದರು. ಸಕ್ಕರೆ ಕಟ್ಟಿದ ಒಂದೊಂದು ಎಳ್ಳಿನ ಸುತ್ತಲೂ ಸಣ್ಣ ಬಿಳಿ ಮುಳ್ಳುಗಳು. ನನ್ನವು ಯಾವಾಗಲೂ ಬೋಳು.

ಎಂಬತ್ತರ ದಶಕದ ಮೊದಲಲ್ಲಿ, ನನ್ನ ಮಗಳಿಗೆ ಹತ್ತು ತಿಂಗಳಿದ್ದಾಗ, ಅವಳ ಮೊದಲ ಸಂಕ್ರಾಂತಿ ಬಂತು. ನಮ್ಮ ಕಡೆ ಆ ಹಬ್ಬಕ್ಕೆ ಕೂಸಿಗೆ ಕುಸುರೆಳ್ಳು ಪೋಣಿಸಿ ಸರ, ಕೈಬಳೆ, ಕಿರೀಟ ತೊಡಿಸಿ, ತಲೆಯ ಮೇಲಿಂದ ಬೋರೆಹಣ್ಣು, ಕಬ್ಬಿನ ತುಂಡು ಸುರಿಯುತ್ತಾರೆ. ನನ್ನ ಮಗಳ ಸರ ನಾನೇ ಮಾಡಬೇಕೆಂದು ನನಗೆ ಆಸೆ. ಅತ್ತೆ ನನ್ನ ಮುಖವನ್ನೂ ನೋಡದೆ ಹೇಳಿದರು: “ನೀಲವ್ವಾ, ಕೂಸಿನ ಸರ ನೀನೇ ಮಾಡು. ಇಕೀ ಮಾಡಿದ್ರ ಕೊಳ್ಳಾಗ ಜ್ವಾಳದ ಕಾಳು ಹಾಕ್ದಂಗ ಆಗ್ತದ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವಿಗೆ ಎಷ್ಟು ಶಕ್ತಿ ಬೇಕಾಯಿತೆಂದು ಇವತ್ತಿಗೂ ನೆನಪಿದೆ.

ನೀಲಕ್ಕ ದಿನಾ ನಸುಕಿನ ಚಳಿಯಲ್ಲಿ ಪಡಸಾಲೆಯಲ್ಲಿ ಕೂಡುತ್ತಿದ್ದಳು. ಬೂದಿ ಮುಚ್ಚಿದ ನಾಲ್ಕು ಕೆಂಡ, ಮೇಲೆ ಪರಾತ ಎಂಬ ಹಿತ್ತಾಳೆಯ ಅಗಲ ತಟ್ಟೆ, ಅದರಲ್ಲಿ ಎಳ್ಳು. ಪಕ್ಕದ ಬಟ್ಟಲಲ್ಲಿ ಸಕ್ಕರೆ ಪಾಕ. ಒಂದು ಸಣ್ಣ ಚಮಚ ಪಾಕ ಹಾಕುವುದು, ಅದು ಒಣಗುವವರೆಗೆ ಬೆರಳ ತುದಿಯಿಂದ ಆಡಿಸುವುದು. ಆಮೇಲೆ ಇನ್ನೊಂದು ಚಮಚ. ಮೂರನೆಯ ದಿನ ಮುಳ್ಳು ಕಾಣತೊಡಗಿದವು. ನನ್ನ ಮಗಳು ಅವಳ ತೊಡೆಗೆ ಒರಗಿ, ಆಡುವ ಬೆರಳುಗಳನ್ನೇ ನೋಡುತ್ತಿದ್ದಳು. ನಾನು ಕರೆದೆ, ತಿರುಗಲಿಲ್ಲ.

ಅಷ್ಟೇ ನಡೆದದ್ದು. ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ನನಗೆ ಸಿಕ್ಕಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ನೀಲಕ್ಕ ಕೂಸನ್ನು ಎತ್ತಿಕೊಂಡು ಹಾಲು ಕಾಸಲು ಒಳಗೆ ಹೋದಳು. ನಾನು ಶಾಲೆಗೆ ಹೊರಟು ನಿಂತಿದ್ದೆ. ಪರಾತದ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಕೆಂಡದ ಮೇಲಿನ ಬೂದಿ ಸರಿಸಿದೆ. ಪಾಕದ ಬಟ್ಟಲನ್ನು ಎತ್ತಿ ಅರ್ಧಕ್ಕರ್ಧ ಸುರಿದೆ. ಮುಳ್ಳುಗಳು ಒಂದೊಂದಾಗಿ ಕರಗಿ, ಎಳ್ಳು ಎಳ್ಳಿಗೆ ಅಂಟಿ, ಮೂರು ದಿನದ ಕೆಲಸ ಚಿಕ್ಕಿಯಂತೆ ಗಟ್ಟಿಯಾಯಿತು. ಅದನ್ನು ಕೊನೆಯವರೆಗೂ ನೋಡಿದೆ.

ಅಷ್ಟರಲ್ಲಿ ಅತ್ತೆ ಬಂದರು, ಹಿಂದೆಯೇ ನೀಲಕ್ಕ.

“ಅಯ್ಯ ಶಿವನೇ, ಏನಾತಿದು?”

ನೀಲಕ್ಕ ಪರಾತ ನೋಡಿದಳು. ಬಟ್ಟಲು ನೋಡಿದಳು. ಆಮೇಲೆ ನನ್ನ ಎಡಗೈ. ಆ ಮನೆಯ ಹೆಂಗಸರಲ್ಲಿ ವಾಚು ಕಟ್ಟುತ್ತಿದ್ದವಳು ನಾನೊಬ್ಬಳೇ. ಅದರ ಗಾಜಿನ ಮೇಲೆ ಪಾಕದ ಒಂದು ಹನಿ ಕುಳಿತಿತ್ತು.

“ನಂದೇ ತಪ್ಪಾತ್ರೀ ಅತ್ತಿ,” ಎಂದಳು. “ಕೆಂಡ ಜಾಸ್ತಿ ಆಗಿದ್ವು. ನಾ ಖಬರ್ ಇಲ್ದ ಹಾಲಿಗಿ ಹೋದೆ.”

ಅತ್ತೆ ಗೊಣಗುತ್ತ ಹೋದರು. ನೀಲಕ್ಕ ಸೆರಗಿನ ತುದಿ ಒದ್ದೆ ಮಾಡಿ ನನ್ನ ವಾಚು ಒರೆಸಿದಳು.

“ಯಾಕ ಮಾಡ್ದಿ?”

“ಹೊಟ್ಟಿಕಿಚ್ಚು, ಅಕ್ಕಾ.”

ಅವಳು ಬೈಯುತ್ತಾಳೆಂದು ಕಾದೆ. ಅವಳು ವಾಚು ಒರೆಸುತ್ತಲೇ ಇದ್ದಳು. “ನಿನಗೊಬ್ಬಾಕಿಗೇ ಅದ ಅಂತ ತಿಳದೀ ಏನು? ದಿನಾ ನೀ ಇದನ್ನ ಕಟಗೊಂಡು ಸಾಲಿಗಿ ಹೊಂಟಾಗ ನಾ ಬಾಗಲ್ದಾಗ ನಿಂತು ನೋಡ್ತೇನಿ. ಓಣಿ ಹೊಳ್ಳೂತನಕ ನೋಡ್ತೇನಿ. ಎಷ್ಟೋ ಸಲ ಅನಸ್ಯಾದ, ಇಕೀ ವಾಚು ನೀರಾಗ ಬೀಳ್ಲಿ ಅಂತ.” ನಂತರ ಸ್ವಲ್ಪ ನಕ್ಕಳು. “ಬೀಳ್ಸಿಲ್ಲ ಬಿಡು.”

ಅವಳು ಬೀಳಿಸಿರಲಿಲ್ಲ, ನಾನು ಸುರಿದಿದ್ದೆ. ನಮ್ಮಿಬ್ಬರ ನಡುವಿನ ವ್ಯತ್ಯಾಸ ಅಷ್ಟೇ, ಮತ್ತು ಅದು ಸಣ್ಣದಲ್ಲ.

ಆ ದಿನ ಶಾಲೆಗೆ ಹೋಗಲಿಲ್ಲ. ಹಬ್ಬಕ್ಕೆ ಇನ್ನೂ ನಾಲ್ಕು ದಿನ ಇತ್ತು. “ಕೂಡಬೇ,” ಎಂದು ಚಮಚ ನನ್ನ ಕೈಗಿಟ್ಟಳು. “ಇಷ್ಟೇ ಹಾಕು. ಈಗ ಕೈಯಾಡ್ಸು. ಒಣಗೂತನಕ ಮುಂದಿಂದು ಹಾಕಬ್ಯಾಡ.” ನಾನು ವಾಚು ನೋಡಿದೆ. ಅವಳು ಅದನ್ನು ಬಿಚ್ಚಿ ತನ್ನ ಕೈಗೆ ಕಟ್ಟಿಕೊಂಡಳು. ಕೆಲಸ ಮುಗಿಯುವವರೆಗೂ ಕೊಡಲಿಲ್ಲ.

ಹಬ್ಬದ ದಿನ ಮಗಳ ಎದೆಯ ಮೇಲೆ ನೀಲಕ್ಕನ ಮುಳ್ಳಿನ ಕಾಳುಗಳು ಮಿರುಗಿದವು. ನನ್ನವು, ಕಷ್ಟಪಟ್ಟರೂ ಅರೆಬೋಳಾಗಿಯೇ ಉಳಿದವು, ಕತ್ತಿನ ಹಿಂದೆ ಕಾಣದ ಕಡೆ ಹೋದವು. ಪೋಣಿಸಿದವಳು ನಾನೇ, ಆ ಜಾಗ ನನಗೆ ಯಾರೂ ತೋರಿಸಿಕೊಟ್ಟದ್ದಲ್ಲ. ನೀಲಕ್ಕನದನ್ನು ನೋಡಿ ಹೊಟ್ಟೆಯಲ್ಲಿ ಸ್ವಲ್ಪ ಉರಿಯಿತು. ಈಗಲೂ ಉರಿಯಿತಲ್ಲ ಎಂದು ನಾಚಿಕೆಯೂ ಆಯಿತು.

ಬೋರೆಹಣ್ಣು ಸುರಿಯುವಾಗ ಕೂಸು ಸರವನ್ನು ಜಗ್ಗಿತು. ಅದು ತಿರುಗಿ, ಹಿಂದಿನದು ಮುಂದೆ ಬಂತು, ನನ್ನದೊಂದು ಕಾಳು ಬಾಯಿಗೆ ಹೋಯಿತು. ನೀಲಕ್ಕ ನನ್ನ ಮೊಣಕೈ ತಿವಿದಳು. ಇಬ್ಬರೂ ಉಸಿರು ಹಿಡಿದು ನೋಡಿದೆವು. ಸಕ್ಕರೆ ಇರುವಷ್ಟು ಹೊತ್ತು ಕೂಸು ಚೀಪಿತು. ಒಳಗಿನ ಎಳ್ಳು ನಾಲಿಗೆಗೆ ಸಿಕ್ಕಾಗ ಮುಖ ಸಿಂಡರಿಸಿ, ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಇನ್ನೊಂದು ಕಾಳಿಗೆ ಬಾಯಿ ಹಾಕಿತು.