ಬಸ್ಸಿಲ್ಲದ ಕಂಪನಿ

ಫ್ರಾನ್ಸಿನವರು ನನ್ನ ತಮ್ಮನನ್ನು ಕೆಲಸಕ್ಕೆ ಕರೆದಿದ್ದರು. ಆ ಮಾತನ್ನು ನಾನು ಅವನಿಗೆ ತಲುಪಿಸಲಿಲ್ಲ. ಮರೆತೆ ಎನ್ನಬಹುದಿತ್ತು, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ಮರೆತೆ ಎಂದರೆ ಯಾರಾದರೂ ನಂಬುತ್ತಾರೆ. ಆದರೆ ಮರೆತಿರಲಿಲ್ಲ. ಅವನ ಪರವಾಗಿ ನಾನೇ ಉತ್ತರ ಕೊಟ್ಟು ಕಳುಹಿಸಿದ್ದೆ.

ನಾನು ದುಬೈಯ ಜೆಬೆಲ್ ಅಲಿ ಬಂದರಿನ ಒಂದು ಗೋಡೌನಿನಲ್ಲಿ ಪಿಕಪ್ ಓಡಿಸುತ್ತಿದ್ದೆ. ತಮ್ಮ ದೋಣಿ ರಿಪೇರಿಯವನು. ಊರಿನ ಬಂದರಿನಲ್ಲಿ ಫೈಬರ್ ಕೆಲಸ ಕಲಿತವನನ್ನು ದುಬೈಗೆ ಕರೆಸಿ ಬೋಟ್ ಯಾರ್ಡಿಗೆ ಸೇರಿಸಿದ್ದು ನಾನೇ. ಅದನ್ನು ದಿನಕ್ಕೊಮ್ಮೆ ಅವನಿಗೆ ನೆನಪಿಸುತ್ತಲೂ ಇದ್ದೆ. ಅಲ್ ಮುರಕ್ಕಬಾತ್‌ನ ರೂಮಿನಲ್ಲಿ ಮೇಲಿನ ಮಂಚ ಅವನದು, ಕೆಳಗಿನದು ನನ್ನದು. ಅಡುಗೆ ಅವನದು, ಊಟ ನನ್ನದು.

ಆ ಚಳಿಗಾಲ ರೇಸಿನ ಮೈದಾನಕ್ಕೆ ಪೆಟ್ಟಿಗೆ ಸಾಗಿಸುವ ಕೆಲಸ ಬಂತು. ಇಪ್ಪತ್ತನಾಲ್ಕು ಗಂಟೆ ಬಿಡದೆ ಓಡುವ ಕಾರುಗಳ ರೇಸು. ನಮ್ಮ ಪೆಟ್ಟಿಗೆಗಳ ಯಜಮಾನರೆಂದರೆ ಫ್ರಾನ್ಸಿನ ಒಬ್ಬ ಮುದುಕ, ಅವನ ಮಗಳು, ಮತ್ತೆ ಏಳು ಜನ. ಕಾರನ್ನು ಇವರೇ ಕಟ್ಟಿದ್ದಂತೆ, ಮುದುಕನ ಮನೆಯ ಹಿಂದಿನ ಶೆಡ್ಡಿನಲ್ಲಿ. ವರ್ಷಕ್ಕೆ ಎರಡೋ ಮೂರೋ ಕಾರು. ನಮ್ಮ ಗೋಡೌನಿನ ಚಹಾದ ಸಾಲಿನಲ್ಲೇ ಇದಕ್ಕಿಂತ ಹೆಚ್ಚು ಜನ ನಿಲ್ಲುತ್ತಿದ್ದರು. ಮಾಲೀಕನೇ ಸ್ಪ್ಯಾನರ್ ಹಿಡಿದು ಕಾರಿನಡಿ ಮಲಗಿದ್ದ. ಹೊರಗೆ ಕಾಣುತ್ತಿದ್ದ ಎರಡು ಶೂಗಳಿಗೂ ಬೇರೆ ಬೇರೆ ಬಣ್ಣದ ಲೇಸು.

ಅಭ್ಯಾಸದ ದಿನ ಕಾರು ಗೋಡೆಗೆ ಗುದ್ದಿ ಮೂತಿ ಸೀಳಿಕೊಂಡಿತು. ಬದಲಿಗೆ ತಂದಿದ್ದ ಇನ್ನೊಂದು ಮೂತಿ ಹಿಂದಿನ ದಿನವೇ ಒಡೆದಿತ್ತು. ಮಗಳು ಅಳುವ ಹಾಗಿದ್ದಳು. ನಾನು ಬಾಯಿ ಹಾಕಿದೆ: "ಮೈ ಬ್ರದರ್, ಬೋಟ್ ಡಾಕ್ಟರ್."

ತಮ್ಮ ಬಂದ. ಕಾರಿಗೆ ಒಂದು ಸುತ್ತು ಹಾಕಿದ.

"ಎಂತ ಅಣ್ಣ, ಇದು ದೋಣಿಯೇ ಅಲ್ವಾ? ಕವುಚಿ ಹಾಕಿದ್ದಾರೆ ಅಷ್ಟೆ."

"ಬಾಯಿ ಮುಚ್ಚಿ ಕೆಲಸ ಮಾಡು. ನನ್ನ ಮರ್ಯಾದೆ ಪ್ರಶ್ನೆ."

"ನಿನಗೆ ಅದು ಯಾವಾಗ ಬಂತು?"

ದೋಣಿಯ ಮೈಗೆ ಅಂಟಿಸುವ ಫೈಬರ್ ಬಟ್ಟೆ ಬಿಳಿ, ಇದರದು ಕಪ್ಪು, ಕಾರ್ಬನ್ನಿನದು. ಉಳಿದ ವಿದ್ಯೆ ದೋಣಿಯದೇ. ಸೀಳನ್ನು ಉಜ್ಜಿದ, ಪದರದ ಮೇಲೆ ಪದರ ಅಂಟಿಸಿದ, ನನ್ನ ಪಿಕಪ್ಪಿನ ಮೇಲೆ ಬಿಸಿಲಿಗೆ ಮಲಗಿಸಿದ. ಒಣಗಿದ ಮೇಲೆ ಬೆರಳ ಗೆಣ್ಣಿನಿಂದ ಇಂಚಿಂಚೂ ತಟ್ಟಿ ಕಿವಿಗೊಟ್ಟು ಕೇಳಿದ. ಪದರಗಳ ನಡುವೆ ಗಾಳಿ ಉಳಿದಿದ್ದರೆ ಆ ಜಾಗ ಟೊಳ್ಳಾಗಿ ಕೇಳುತ್ತದೆ. ಮುದುಕ ಪಕ್ಕದಲ್ಲಿ ಕೂತು ತಾನೂ ತಟ್ಟತೊಡಗಿದ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಇಬ್ಬರೂ ಹಲಸಿನಹಣ್ಣು ಕೊಳ್ಳಲು ಬಂದವರ ಹಾಗೆ ತಟ್ಟುತ್ತ, ತಲೆಯಾಡಿಸುತ್ತ ಕೂತರು.

ರೇಸು ಮುಗಿಯುವವರೆಗೂ ಆ ಮೂತಿ ಅಲುಗಲಿಲ್ಲ.

ಪೆಟ್ಟಿಗೆ ತುಂಬುವ ದಿನ ಮುದುಕ ನನ್ನನ್ನು ಬದಿಗೆ ಕರೆದ. ಮಗಳು ಅವನ ಮಾತನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು: ನಿನ್ನ ತಮ್ಮ ಫ್ರಾನ್ಸಿಗೆ ಕೆಲಸಕ್ಕೆ ಬರಲಿ, ಕಾಗದಪತ್ರ ನಾವು ಮಾಡಿಸುತ್ತೇವೆ, ಅವನನ್ನು ಕೇಳಿ ಹೇಳು.

"ಕಂಪನಿ ಬಸ್?" ಎಂದೆ.

"ಬಸ್?"

"ಲೇಬರ್ ಬಸ್."

ಬಸ್ ಇಲ್ಲವಂತೆ. ಸೈಕಲ್ ಇದೆಯಂತೆ.

ಗಲ್ಫಿನಲ್ಲಿ ನಾವು ಕಂಪನಿಯನ್ನು ಅಳೆಯುವುದೇ ಬಸ್ಸಿನಿಂದ. ಎಷ್ಟು ಬಸ್, ಎಸಿ ಉಂಟಾ, ಮೈಮೇಲೆ ಹೆಸರು ಬರೆದಿದೆಯಾ. ಬಸ್ಸಿಲ್ಲದವನು ನಾಳೆ ಶಟರ್ ಎಳೆದು ಪರಾರಿಯಾಗುವವನು. "ಮಾಫಿ," ಎಂದು ಅರಬಿಯಲ್ಲಿ ಇಲ್ಲವೆಂದೆ. "ಬ್ರದರ್ ನೋ ಕಮ್. ವೈಫ್. ಬೇಬಿ," ಎಂದುಬಿಟ್ಟೆ. ತಮ್ಮನಿಗೆ ಹೆಣ್ಣು ನೋಡಲು ಕೂಡ ಯಾರೂ ಹೊರಟಿರಲಿಲ್ಲ. ಮುದುಕ ಮುಖ ಸಣ್ಣದು ಮಾಡಿಕೊಂಡು ನನ್ನ ಭುಜ ತಟ್ಟಿದ.

"ಮುದುಕ ಏನಾದ್ರೂ ಹೇಳಿದ್ನಾ?" ಎಂದು ತಮ್ಮ ಕೇಳಿದ.

"ಥ್ಯಾಂಕ್ಸ್ ಹೇಳಿದ."

ಅವನಿಗೆ ಅಷ್ಟು ಸಾಕಾಗಲಿಲ್ಲ. ಮುಂದಿನ ಸಲ ಕೆಲಸಕ್ಕೆ ಕರೆದೇ ಕರೆಯುತ್ತಾರೆ ಎಂದುಕೊಂಡು ವರ್ಷವಿಡೀ ಮೊಬೈಲಿನಲ್ಲಿ ಫ್ರೆಂಚ್ ಕಲಿತ. ಗ್ಯಾಸ್ ಹಚ್ಚುವಾಗ ಸಿಲಿಂಡರಿಗೆ ಬೋಂಜೂರ್ ಎಂದು ನಮಸ್ಕಾರ, ಬೆಂದ ಮೀನಿಗೆ ಮೆರ್ಸಿ ಎಂದು ಥ್ಯಾಂಕ್ಸ್. ನಾನು ನಗುತ್ತಿದ್ದೆ.

ಮರುವರ್ಷ ಅವರು ಅಬುಧಾಬಿಯ ಮೈದಾನಕ್ಕೆ ಬಂದರು. ತಮ್ಮನೂ ಹಟ ಹಿಡಿದು ಪಿಕಪ್ ಹತ್ತಿದ. ಬೋಂಜೂರ್ ಆಯಿತು. ಮುದುಕ ಚೀಲದಿಂದ ಅಂಗೈಯಗಲದ ಉಣ್ಣೆ ಸ್ವೆಟರ್ ತೆಗೆದು ಅವನ ಕೈಗಿಟ್ಟ. ಮುದುಕನ ಹೆಂಡತಿ ಹೆಣೆದದ್ದಂತೆ.

"ಫಾರ್ ಯುವರ್ ಬೇಬಿ," ಎಂದಳು ಮಗಳು. ಹೋದ ವರ್ಷ ಇವನು ಬರುವುದಿಲ್ಲ ಎಂದದ್ದಕ್ಕೆ ಅಪ್ಪನಿಗೆ ತುಂಬ ಬೇಸರವಾಯಿತೆಂದೂ, ಈಗ ಆ ಕೆಲಸಕ್ಕೆ ಬೇರೆಯವರನ್ನು ಸೇರಿಸಿಕೊಂಡಿದ್ದಾರೆಂದೂ ಹೇಳಿದಳು.

ತಮ್ಮ ನನ್ನನ್ನು ನೋಡಿದ. ಆಮೇಲೆ ಮುದುಕನಿಗೆ ಕೈಮುಗಿದು "ಮೆರ್ಸಿ" ಎಂದ. ಅಷ್ಟು ಜನರ ಎದುರು ನನ್ನನ್ನು ಬಿಟ್ಟುಕೊಡಲಿಲ್ಲ.

ವಾಪಸ್ ಬರುವಾಗ ಸ್ವೆಟರ್ ಅವನ ತೊಡೆಯ ಮೇಲಿತ್ತು.

"ಅಣ್ಣ, ಮಗು ಗಂಡಾ ಹೆಣ್ಣಾ?"

ನಾನು ಮುಂದಿನ ಲಾರಿಗೆ ಹಾರ್ನ್ ಹೊಡೆದೆ.

"ಹೆಂಡತಿ ಊರು ಯಾವುದು, ಅದಾದ್ರೂ ಹೇಳು. ಅಮ್ಮ ಕೇಳ್ತಾರೆ."

"ಅವರಿಗೆ ಒಂದು ಬಸ್ಸೂ ಇರ್ಲಿಲ್ಲ ಮಾರಾಯ."

"ನಾನೆಂತ, ಕಂಡಕ್ಟರ್ ಕೆಲಸಕ್ಕೆ ಹೋಗುವವನಾ?"

ದುಬೈ ತಲುಪಿದ್ದೇ ಮೀನಿನಂಗಡಿಯೆದುರು ಪಿಕಪ್ ನಿಲ್ಲಿಸಿದೆ.

ನಮ್ಮ ಮನೆಯಲ್ಲಿ ದೊಡ್ಡವರು ಚಿಕ್ಕವರ ಹತ್ತಿರ ತಪ್ಪಾಯಿತು ಎನ್ನುವ ಪದ್ಧತಿ ಇಲ್ಲ. ಅಪ್ಪ ಸುಮ್ಮಸುಮ್ಮನೆ ಹೊಡೆದ ದಿನ ಅಂಜಲ್ ಮೀನಿನ ದೊಡ್ಡ ತುಂಡು ನಮ್ಮ ಬಟ್ಟಲಿಗೆ ಬೀಳುತ್ತಿತ್ತು. ಅಲ್ಲಿಗೆ ಖಲಾಸ್. ಆ ಸಂಜೆ ಮೊದಲ ಸಲ ನಾನೇ ಅಡುಗೆ ಮಾಡಿದೆ. ದೊಡ್ಡ ತುಂಡನ್ನು ಅವನ ಬಟ್ಟಲಿಗೆ ಹಾಕಿದೆ. ಅವನು ಅದನ್ನೆತ್ತಿ ನನ್ನ ಬಟ್ಟಲಿಗೆ ವಾಪಸ್ ಇಟ್ಟ.

"ಉಪ್ಪು ಕಮ್ಮಿಯಾಯ್ತಾ?"

"ಮೀನು ಬೇಡ. ಬಾಯಲ್ಲಿ ಹೇಳು."

ಗೆಣ್ಣಿನಿಂದ ಬಟ್ಟಲಿನ ಅಂಚು ತಟ್ಟುತ್ತ ಕಾದು ಕೂತ. ಟೊಳ್ಳು ಇದ್ದರೆ ಅವನಿಗೆ ಗೊತ್ತಾಗಿಬಿಡುತ್ತದೆ.

"ಬಸ್ಸಿನ ವಿಷಯ ಅಲ್ಲ," ಎಂದೆ. "ನಾನು ಕರೆಸಿದವ ನೀನು. ನಾನು ಪಿಕಪ್ಪಲ್ಲೇ ಉಳಿದು ನೀನು ಫ್ರಾನ್ಸಿಗೆ ಹೋಗುದು ನನಗೆ ತಡೀಲಿಕ್ಕೆ ಆಗ್ಲಿಲ್ಲ. ಹೊಟ್ಟೆಕಿಚ್ಚು. ತಪ್ಪಾಯ್ತು ತಮ್ಮಾ. ಕ್ಷಮಿಸು."